ಸುಣ್ಣದ ಗೆರೆಯಾಚೆ ಮಾವನವರು

ಕೊರಳಿಗೆ ಸೀಟಿ ಕಟ್ಟಿಕೊಂಡ ಮನುಷ್ಯ ಕನಸು ಕಾಣಬಾರದು. ಕನಸು ಕಾಣುವವನ ಕೊರಳಿಗೆ ಯಾರೂ ಸೀಟಿ ಕಟ್ಟಲೂಬಾರದು. ಇಷ್ಟು ಗೊತ್ತಿದ್ದೂ ಮಲ್ಲೇಶ್ವರದ ನಮ್ಮ ಸಂಘದವರು ನನ್ನನ್ನು ಬ್ಯಾಸ್ಕೆಟ್‌ಬಾಲ್ ರೆಫರಿ ಮಾಡಿದರು. ನಾನು ಆಡುತ್ತಿದ್ದ ಕಾಲದಲ್ಲಿ ಯಾವ ತಂಡಕ್ಕೂ ಉಪಯೋಗಕ್ಕೆ ಬಂದವನಲ್ಲ. ಹಾಗಾಗಿ ಈತ ಯಾರ ಪಕ್ಷವೂ ಅಲ್ಲವೆಂದು ಎಲ್ಲರಿಗೂ ಭರವಸೆಯಿತ್ತು. ಹಗಲೆಲ್ಲ ಕಚೇರಿಯಲ್ಲಿ ಫೈಲುಗಳ ಧೂಳು ಕುಡಿದು, ಸಂಜೆ ಬಿಳಿ ಷರಾಯಿ ತೊಟ್ಟು ಸಂಪಿಗೆ ರಸ್ತೆಯಲ್ಲಿ ನಡೆದು ಹೋಗುವಾಗ ನಾನೇ ಬೇರೆ ಯಾರೋ ಆಗಿಬಿಟ್ಟಂತೆ ಅನ್ನಿಸುತ್ತಿತ್ತು. ಆ ಸುಖಕ್ಕಾಗಿಯೇ ಒಪ್ಪಿಕೊಂಡೆ.

ಮನೆಯಲ್ಲಿ ಮಾತ್ರ ಸೀಟಿಗೆ ಮರ್ಯಾದೆ ಇರಲಿಲ್ಲ. ಬಾಯಲ್ಲಿಟ್ಟ ವಸ್ತು, ಎಂಜಲು. ನನ್ನ ಹೆಂಡತಿ ಕಮಲ ಅದಕ್ಕೆ ಬಚ್ಚಲ ಹಂಡೆಯ ಪಕ್ಕ ಪ್ರತ್ಯೇಕವಾಗಿ ಒಂದು ಮೊಳೆ ಹೊಡೆಸಿದ್ದಳು. "ಊದಿದ್ದನ್ನ ಅಲ್ಲೇ ತಗುಲಿಹಾಕಿ, ಆಮೇಲೆ ಒಳಗೆ ಬನ್ನಿ" ಎನ್ನುವಳು. ಆಟದ ಅಂಗಳದಲ್ಲಿ ಹತ್ತು ಜನರನ್ನು ನಿಲ್ಲಿಸುವ ಅಧಿಕಾರ ನಮ್ಮ ಮನೆಯ ಬಚ್ಚಲಿನಾಚೆಗೆ ಬರುತ್ತಿರಲಿಲ್ಲ.

ರೆಫರಿಯಾದವನು ಚೆಂಡನ್ನು ನೋಡಬಾರದು, ಆಟಗಾರರ ಕೈಕಾಲು ನೋಡಬೇಕು. ಎಲ್ಲರೂ ನನಗೆ ಹೇಳಿದ್ದು ಇದನ್ನೇ. ಆದರೆ ಸಂಜೆಯ ಬಿಸಿಲು ಓರೆಯಾಗಿ ಬಿದ್ದು, ಕೆಮ್ಮಣ್ಣಿನ ಧೂಳು ಬಂಗಾರದ ಹಾಗೆ ಎದ್ದು, ಆ ಧೂಳಿನೊಳಗಿಂದ ಚೆಂಡು ಮೆಲ್ಲಗೆ ಮೇಲಕ್ಕೆ ಹೋಗುವಾಗ ಯಾರದೋ ಮೊಣಕಾಲು ನೋಡುತ್ತ ನಿಲ್ಲುವುದು ನನ್ನಿಂದಾಗದು. ಚೆಂಡು ಬುಟ್ಟಿಯ ಮೇಲೆ ಒಂದು ಕ್ಷಣ ಯೋಚಿಸುತ್ತದೆ. ನಾನೂ ಅದರ ಜೊತೆ ಯೋಚಿಸುತ್ತೇನೆ. ಕೆಳಗೆ ಬರುವಷ್ಟರಲ್ಲಿ ಯಾರಾದರೂ ಒಬ್ಬರು ಬಿದ್ದಿರುತ್ತಾರೆ.

ಬಿದ್ದವರಲ್ಲೂ ಬಗೆಗಳಿವೆ. ಉಸಿರು ತಿರುಗಲೆಂದು ಬಿದ್ದವನು ಮೊದಲು ಕಣ್ಣು ತೆರೆದು ರೆಫರಿ ಎಲ್ಲಿದ್ದಾನೆಂದು ನೋಡಿ, ಆಮೇಲೆ ನರಳುತ್ತಾನೆ. ನಿಜವಾಗಿ ಪೆಟ್ಟಾದವನು ಏನೂ ಆಗಿಲ್ಲವೆಂದು ಎದ್ದು ನಿಲ್ಲಲು ಹೋಗಿ ಮತ್ತೆ ಕೂರುತ್ತಾನೆ. ಕೋಚುಗಳದು ಮಾತ್ರ ಒಂದೇ ಬಗೆ. "ಕಣ್ಣೇನು ಮನೇಲಿ ಬಿಟ್ಟು ಬಂದಿದೀರೇನ್ರೀ?" ಎಂದು ಶುರುಮಾಡಿ, ನಾನು ಓದಿದ ಶಾಲೆಯವರೆಗೂ ಹೋಗುತ್ತಾರೆ. ನಾನು ನಗುತ್ತಾ ಬಯ್ಗುಳ ಪೂರ್ತಿ ಕೇಳಿಕೊಂಡು, "ಆಯ್ತು, ಕೂತ್ಕೊಳ್ಳಿ" ಎನ್ನುತ್ತಿದ್ದೆ. ಬಯ್ಯುವವರ ಮುಂದೆ ನಾನು ಯಾವತ್ತೂ ಸೋತಿಲ್ಲ. ನನ್ನನ್ನು ಸೋಲಿಸಿದ್ದು ಬಯ್ಯದ ಕೋಚು.

ಅವರು ನನ್ನ ಮಾವನವರು, ಕಮಲಳ ತಂದೆ. ಚಾಮರಾಜಪೇಟೆಯಲ್ಲಿ ಡ್ರಿಲ್ ಮೇಷ್ಟರಾಗಿದ್ದು ನಿವೃತ್ತರಾದವರು. ಅಲ್ಲಿಯ ತಂಡಕ್ಕೆ ಕೋಚು. ಮಗ ಶೀನ ಅದೇ ತಂಡದ ಆಟಗಾರ. ಆ ವರ್ಷದ ಕೊನೆಯ ಪಂದ್ಯ ಅವರಿಗೂ ನಮ್ಮ ಮಲ್ಲೇಶ್ವರಕ್ಕೂ ಬಿತ್ತು. ಕಮಲ ಚೊಚ್ಚಲ ಬಾಣಂತನಕ್ಕೆಂದು ಸೀಮಂತ ಮುಗಿಸಿಕೊಂಡು ಚಾಮರಾಜಪೇಟೆಯಲ್ಲೇ ಇದ್ದಳು. ಅವಳನ್ನು ನೋಡಬೇಕಾದರೆ ನಾನು ಮಾವನವರ ಬಾಗಿಲು ತಟ್ಟಬೇಕು. ಇಂಥ ಸ್ಥಿತಿಯಲ್ಲಿ ನನಗೆ ಈ ಪಂದ್ಯ ಬೇಡವೆಂದು ಕಾರ್ಯದರ್ಶಿಗಳಿಗೆ ಕೈಮುಗಿದೆ. "ಸ್ವಾಮೀ, ಎರಡೂ ಕಡೆ ನೆಂಟರಿಲ್ಲದ ರೆಫರಿ ಬೇಕು ಅಂದ್ರೆ ಮದ್ರಾಸಿಂದ ತರಿಸ್ಬೇಕಾಗುತ್ತೆ. ಸುಮ್ನೆ ಬನ್ನಿ" ಎಂದರು.

ನಮ್ಮ ಕಡೆ ಅಳಿಯನನ್ನು ಯಾರೂ ಗದರುವಂತಿಲ್ಲ. ಎದುರಿಗೆ ಬಂದರೆ ಬಹುವಚನ, ಕಾಲಿಗೆ ನೀರು, ಕೂರಲು ಮಣೆ. ಮಾವನವರು ಈ ಸಂಪ್ರದಾಯವನ್ನು ಅಂಗಳದ ಅಂಚಿನಲ್ಲಿಯೂ ಬಿಡಲಿಲ್ಲ. ಕರಿ ಟೋಪಿ, ಗುಂಡಿ ಹಾಕಿದ ಕೋಟು, ಬೆಂಚಿನ ಮೇಲೆ ನೆಟ್ಟಗೆ ಕೂತು, "ಅಳಿಯಂದಿರು ಸ್ವಲ್ಪ ಈ ಕಡೆಗೂ ಕೃಪೆ ಮಾಡ್ಬೇಕು. ಅವರ ಹುಡುಗ ನಮ್ಮವನ ಅಂಗಿ ಹಿಡ್ಕೊಂಡಿದಾನೆ" ಎಂದರು. ಸುತ್ತ ನಿಂತ ಜನ ಬಿದ್ದು ಬಿದ್ದು ನಕ್ಕರು. ಬೇರೆ ಕೋಚಾಗಿದ್ದರೆ ಸುಮ್ಮನಿರಿ ಅನ್ನಬಹುದಿತ್ತು. ಕೃಪೆ ಕೇಳುವವರಿಗೆ ಏನು ಹೇಳುವುದು?

ಆಟ ಮುಗಿಯುತ್ತ ಬಂದಿತ್ತು, ಎರಡೂ ಕಡೆ ಸಮ. ಶೀನ ಚೆಂಡನ್ನು ಬುಟ್ಟಿಗೆ ಎಸೆದ. ಅದು ಮರಗಳ ತಲೆಯವರೆಗೂ ಹೋಯಿತೆಂದು ನನಗೆ ಈಗಲೂ ಅನ್ನಿಸುತ್ತದೆ. ಎಲ್ಲಿಂದಲೋ ಸಂಪಿಗೆಯ ವಾಸನೆ ಬಂತು. ಚೆಂಡು ಬುಟ್ಟಿಗೆ ತಗುಲಿ ಆಚೆ ಬಿತ್ತು. ಆಮೇಲೆ ಕೆಳಗೆ ನೋಡುತ್ತೇನೆ, ಶೀನ ಪಾದದ ಗಿಣ್ಣು ಹಿಡಿದುಕೊಂಡು ನೆಲದ ಮೇಲಿದ್ದಾನೆ. ಯಾರು ತಳ್ಳಿದರೋ, ತಾನೇ ಬಿದ್ದನೋ, ನನಗೆ ಗೊತ್ತಿಲ್ಲ. ಸೀಟಿ ಊದಿದೆ.

ಆಟಗಾರ ಬಿದ್ದರೆ ರೆಫರಿ ಕೈಬೀಸಿ ಕರೆಯುವ ತನಕ ಕೋಚು ಗೆರೆ ದಾಟುವಂತಿಲ್ಲ. ದಾಟಿದರೆ ತಪ್ಪು, ಎದುರಾಳಿಗೆ ಒಂದು ಎಸೆತ. ಮಾವನವರು ಓಡಿ ಬಂದು ಸುಣ್ಣದ ಗೆರೆಯ ಹತ್ತಿರ ಗಕ್ಕನೆ ನಿಂತರು. ನಾನು ಅಂಗೈ ತೋರಿಸಿ ತಡೆದು, ಶೀನನ ಬಳಿ ಬಗ್ಗಿದೆ. "ಏನಿಲ್ಲ ಭಾವ" ಎಂದು ಎದ್ದು ನಿಲ್ಲಲು ಹೋಗಿ ಮತ್ತೆ ಕೂತ. ನನಗೆ ಗೊತ್ತಾಯಿತು, ಇದು ನಿಜವಾದ ಪೆಟ್ಟು.

ಆಗಲೇ ಕರೆಯಬೇಕಿತ್ತು. ಅಷ್ಟರಲ್ಲಿ ಯಾರಿಗೆ ನಿಯಮವಿಲ್ಲವೋ ಅವರೆಲ್ಲ ಒಳಗೆ ನುಗ್ಗಿದರು. ಒಬ್ಬರು ಅರಿಶಿನ ಸುಣ್ಣ ಹಚ್ಚಿ ಎಂದರು, ಇನ್ನೊಬ್ಬರು ಸೋಡಾ ಅಂಗಡಿಯಿಂದ ಐಸು ತರಿಸಿ ಎಂದರು, ಮತ್ತೊಬ್ಬರು ಕಾಲು ಎಳೆದು ಸರಿಮಾಡಲು ಪಂಚೆ ಎತ್ತಿ ಕಟ್ಟಿದರು. "ಸಾರ್, ಭಾವ ಬಾಮೈದ ಸೇರ್ಕೊಂಡು ಟೈಮ್ ಕಳೀತಿದಾರೆ!" ಎಂದು ನಮ್ಮ ಮಲ್ಲೇಶ್ವರದ ಕ್ಯಾಪ್ಟನ್ ಕೂಗಿದ. ಇವರನ್ನೆಲ್ಲ ಆಚೆ ಕಳಿಸುವ ಗಲಾಟೆಯಲ್ಲಿ, ಒಳಗೆ ಕರೆಯಬೇಕಾಗಿದ್ದ ಒಬ್ಬರೇ ಒಬ್ಬರನ್ನು ನಾನು ಮರೆತೇಬಿಟ್ಟೆ.

ತಿರುಗಿ ನೋಡಿದಾಗ ಅವರು ಹಾಗೆಯೇ ನಿಂತಿದ್ದರು. ಟೋಪಿ ಕೈಯಲ್ಲಿತ್ತು. ಬೂಟಿನ ತುದಿ ಗೆರೆಗೆ ಅಂಟಿಕೊಂಡಿತ್ತು, ದಾಟಿರಲಿಲ್ಲ. "ಕರೀತೀರಾ?" ಎಂದರು. ಬಹುವಚನವೇ, ಆದರೆ ದನಿ ಒಡೆದಿತ್ತು. ಕೈಬೀಸಿದೆ.

ಶೀನನಿಲ್ಲದೆ ಚಾಮರಾಜಪೇಟೆ ಸೋತಿತು. ಮಾವನವರು ಕೋಟಿನ ಧೂಳು ಕೊಡವಿಕೊಂಡು, "ಊಟಕ್ಕೆ ಬರ್ತೀರಷ್ಟೆ?" ಎಂದರು. ಬಯ್ದಿದ್ದರೆ ಬರುವುದಿಲ್ಲ ಎನ್ನಬಹುದಿತ್ತು. ಮೂವರೂ ಒಂದು ಜಟಕಾ ಹತ್ತಿದೆವು. ಶೀನನ ಕಾಲು ಅಪ್ಪನ ತೊಡೆಯ ಮೇಲೆ. ಅವರ ಬೂಟಿನ ತುದಿಯಲ್ಲಿ ಸುಣ್ಣ ಬೆಳ್ಳಗೆ ಹಾಗೇ ಇತ್ತು. ಕುದುರೆಯ ಗೊರಸಿನ ಸದ್ದು, ಹಸಿ ಹುಲ್ಲಿನ ವಾಸನೆ, ಒಂದೊಂದಾಗಿ ಹತ್ತಿಕೊಳ್ಳುತ್ತಿದ್ದ ದೀಪಗಳು. ಈ ಜಟಕಾ ಚಾಮರಾಜಪೇಟೆ ಮುಟ್ಟದೆ ಹೀಗೇ ಹೋಗುತ್ತಿರಲಿ ಎಂದುಕೊಂಡೆ.

ಮುಟ್ಟಿತು. ಸುದ್ದಿ ಕಮಲಳಿಗೆ ಆಗಲೇ ಮುಟ್ಟಿತ್ತು. "ನಮ್ಮಪ್ಪನ್ನ ಗೆರೆ ಹತ್ರ ನಿಲ್ಲಿಸಿದ್ರಂತೆ" ಎಂದಳು. ಅಷ್ಟು ಹೇಳಿ ಅಡುಗೆಮನೆಗೆ ಹೋದಳು. ಅವಳ ಮುಖ ನೋಡಲೆಂದು ವಾರವೆಲ್ಲ ಕಾದಿದ್ದವನಿಗೆ ಸಿಕ್ಕಿದ್ದು ಅವಳ ಬೆನ್ನು. ಕಾಲು ತೊಳೆಯಲು ಹಿತ್ತಿಲಿಗೆ ಹೋದೆ. ಪಾರಿಜಾತದ ಗಿಡದ ಮೇಲೆ ಚಂದ್ರ ಬಂದಿದ್ದ, ಬುಟ್ಟಿಯ ಮೇಲೆ ಯೋಚಿಸುತ್ತ ನಿಂತ ಚೆಂಡಿನಂತೆ. ಅವನನ್ನು ನೋಡುತ್ತ ಒದ್ದೆ ಚಪ್ಪಡಿಯ ಮೇಲೆ ಕಾಲಿಟ್ಟೆ.

ನಾನು ಬಿದ್ದ ಸದ್ದಿಗೆ ಮನೆಯೆಲ್ಲ ಎದ್ದಿತು. ಮಾವನವರು ಹಿತ್ತಿಲ ಬಾಗಿಲಿಗೆ ಓಡಿ ಬಂದು, ಹೊಸ್ತಿಲ ರಂಗೋಲಿಯ ಹತ್ತಿರ ಗಕ್ಕನೆ ನಿಂತರು. ಒಳಗಿನಿಂದ ಶೀನ, "ಭಾವ, ನಿಜವಾದ ಪೆಟ್ಟೋ, ಉಸಿರು ತಿರುಗಲಿ ಅಂತಲೋ?" ಎಂದು ಕೂಗಿದ. ಕಮಲ ಸೆರಗು ಬಾಯಿಗೆ ಒತ್ತಿಕೊಂಡಳು. ನಗುತ್ತಿದ್ದಳು, ಕಣ್ಣಲ್ಲಿ ಗಾಬರಿಯೂ ಇತ್ತು.

"ಏನಿಲ್ಲ" ಎಂದು ಎದ್ದು ನಿಲ್ಲಲು ಹೋಗಿ ಮತ್ತೆ ಕೂತೆ.

ಮಾವನವರು ನನ್ನ ಕೈಯನ್ನೇ ನೋಡುತ್ತಿದ್ದರು. ಕರೆಯಬೇಕೆಂದು ಕೈ ಎತ್ತಲು ಹೊರಟೆ. ಅಷ್ಟರಲ್ಲಿ ಅವರು ರಂಗೋಲಿ ತುಳಿದುಕೊಂಡೇ ಬಂದು ನನ್ನ ಕಾಲನ್ನು ಮಡಿಲಿಗೆ ತೆಗೆದುಕೊಂಡಿದ್ದರು. "ಮೇಲೇನೋ ನೋಡ್ತಾ ಇರ್ತೀಯಲ್ಲೋ ಹುಚ್ಚಪ್ಪ!" ಎಂದು ಗದರಿದರು. ಮದುವೆಯಾದ ಮೇಲೆ ಮೊದಲ ಸಲ ಏಕವಚನ.

ಕರೆಯುವ ಮೊದಲೇ ಗೆರೆ ದಾಟಿದ್ದು, ರೆಫರಿಯನ್ನು ಗದರಿದ್ದು, ಎರಡೂ ತಪ್ಪೇ. ನಮ್ಮ ಮನೆಯಲ್ಲಾದರೆ ಬಚ್ಚಲ ಮೊಳೆಗೆ ಸೇರಬೇಕಿದ್ದ ಸೀಟಿ ಇನ್ನೂ ನನ್ನ ಕೊರಳಲ್ಲೇ ಇತ್ತು. ಊದಲಿಲ್ಲ.