ಏಳು ಕಂಬಳಿಯ ಸ್ಟುಡಿಯೋ

ಎಲ್ಲ ಅನಾಹುತಕ್ಕೂ ಕಾರಣ ಒಂದು ಕುಕ್ಕರ್ ಸೀಟಿ.

ಚಿತ್ರದುರ್ಗದಿಂದ ಮದಕರಿಪುರಕ್ಕೆ ಹೋಗುವ ದಾರಿಯಲ್ಲಿ, ಊರು ಮುಗಿಯಿತೋ ಇನ್ನೂ ಇದೆಯೋ ಎಂದು ಊರಿಗೇ ಅನುಮಾನ ಬರುವ ಜಾಗದಲ್ಲಿ ಶಿವಕುಮಾರಪ್ಪನವರ ಮನೆ. ಅವರು ಒಂದು ಸಹಕಾರ ಸಂಘದಲ್ಲಿ ಗುಮಾಸ್ತರು. ಹಾಡುಗಾರರೂ ಹೌದು. ಇದನ್ನು ಹೇಳಿದವರು ಅವರೇ. ಹನ್ನೊಂದು ವರ್ಷದಿಂದ ಆಫೀಸಿನಲ್ಲಿ ಯಾರು ನಿವೃತ್ತರಾದರೂ ಬೀಳ್ಕೊಡುಗೆ ಸಭೆಯಲ್ಲಿ ಇವರದೊಂದು ಹಾಡು ಇದ್ದೇ ಇರುತ್ತಿತ್ತು. ಒಬ್ಬ ಅಟೆಂಡರ್ ಇವರ ಹಾಡಿಗೆ ಹೆದರಿ ಆರು ತಿಂಗಳು ಮೊದಲೇ ರಾಜೀನಾಮೆ ಕೊಟ್ಟು ಹೋದ ಎನ್ನುತ್ತಾರೆ. ನಾನು ಸುಳ್ಳು ಹೇಳುವವನಲ್ಲ. ಇದಕ್ಕೆ ಹದಿನೇಳು ಜನ ಸಾಕ್ಷಿ ಇದ್ದಾರೆ. ಅದರಲ್ಲಿ ಹದಿನಾರು ಜನ ನನ್ನ ಬಾಯಿಂದಲೇ ಕೇಳಿದವರು, ಅಷ್ಟೇ.

೨೦೦೪ನೇ ಇಸವಿ. ದಾವಣಗೆರೆಯ ‘ಸ್ವರಸಂಪಿಗೆ ಆಡಿಯೋ’ ಎಂಬ ಕಂಪನಿ ಹೊಸ ದನಿಗಳಿಗಾಗಿ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತು. ಸ್ವಂತ ಹಾಡನ್ನು ಮನೆಯಲ್ಲೇ ರೆಕಾರ್ಡ್ ಮಾಡಿ, ಸಿ.ಡಿ.ಗೆ ಹಾಕಿ ಶನಿವಾರ ಸಂಜೆ ಆರರೊಳಗೆ ಮುಟ್ಟಿಸಬೇಕು. ಆಯ್ಕೆಯಾದವರ ಹಾಡು ಊರೂರಿಗೆ ಬರುತ್ತದೆ. ಶಿವಕುಮಾರಪ್ಪ ಆ ಜಾಹೀರಾತನ್ನು ಕತ್ತರಿಸಿ ಆಫೀಸಿಗೆ ತಂದು, ‘ಇನ್ನು ನನ್ನ ದನಿ ಬಸ್ಸಲ್ಲೆಲ್ಲ ಕೇಳುತ್ತೆ’ ಎಂದುಬಿಟ್ಟರು.

ಪಕ್ಕದ ಮೇಜಿನ ಜಂಪಣ್ಣ ಪೆನ್ನು ಕೆಳಗಿಟ್ಟ. “ಸಿ.ಡಿ.ನಾಗೆ ನಿನ್ ದನಿ ಬಂದ್ರೆ ಇಡೀ ಆಫೀಸಿಗೆ ನಂದು ಮಂಡಕ್ಕಿ-ಮಿರ್ಚಿ. ಬರ್ಲಿಲ್ಲ ಅಂದ್ರೆ ಇನ್ಮೇಲೆ ಯಾವ ಬೀಳ್ಕೊಡುಗೇಲೂ ನೀನು ಬಾಯಿ ಬಿಡಂಗಿಲ್ಲ. ಮುಂದಿನ ತಿಂಗ್ಳು ಮ್ಯಾನೇಜರ್ ರಿಟೈರ್ಡ್ ಆಗ್ತಾರಲ್ಲ, ಅಲ್ಲಿಂದ್ಲೇ ಶುರು.”

“ಆಗ್ಲಿ” ಎಂದರು ಶಿವಕುಮಾರಪ್ಪ. ಪಂದ್ಯವನ್ನು ಕಾಗದದ ಮೇಲೆ ಬರೆದು ಹನ್ನೊಂದು ಜನ ಸಹಿ ಹಾಕಿದರು. ಸಂಬಳದ ಪುಸ್ತಕಕ್ಕೂ ಅಷ್ಟು ಉತ್ಸಾಹದಿಂದ ಯಾರೂ ಸಹಿ ಹಾಕಿದ್ದಿಲ್ಲ. ಮ್ಯಾನೇಜರ್ ಎರಡು ಸಲ ಹಾಕಿದರು.

ಶುಕ್ರವಾರ ಸಂಜೆ ಶಿವಕುಮಾರಪ್ಪ ಮನೆಯ ಕಂಪ್ಯೂಟರಿಗೆ ಹೊಸ ಮೈಕು ಸಿಕ್ಕಿಸಿ, ತಾವೇ ಬರೆದ ‘ಓ ಬಂಡೆಯೇ, ನೀನೇಕೆ ಬಂಡೆಯಾದೆ’ ಎಂಬ ಹಾಡನ್ನು ರೆಕಾರ್ಡ್ ಮಾಡಿದರು. ಹಾಕಿ ಕೇಳಿದರೆ ‘ಓ ಬಂಡೆಯೇ’ ಆದ ಕೂಡಲೇ ಕುಕ್ಕರ್ ಕುಯ್ಯೋ ಎಂದು ಮೂರು ಸೀಟಿ ಹೊಡೆದಿತ್ತು. ಹೆಂಡತಿ ಯಶೋದಾ ಅಡುಗೆಮನೆಯಿಂದ ಇಣುಕಿ, “ಸೀಟಿ ಚೆನ್ನಾಗಿ ಬಂದೈತೆ ಕಣ್ರೀ” ಎಂದರು.

ಶನಿವಾರ ರಜೆ ಹಾಕಿದರು. ಬೆಳಿಗ್ಗೆ ಎಂಟಕ್ಕೇ ಸಲಹೆಗೆ ಬಂದವನು ಎದುರುಮನೆಯ ಮಾರುತೇಶ್. ಇವನದು ಟೈಪಿಂಗ್ ಇನ್ಸ್‌ಟಿಟ್ಯೂಟು. ಎಂಟು ಟೈಪ್‌ರೈಟರಿನ ನಡುವೆ ಒಂದು ಕಂಪ್ಯೂಟರ್ ತಂದಿಟ್ಟ ದಿನದಿಂದ ಬೋರ್ಡಿನ ಮೇಲೆ ‘ಕಂಪ್ಯೂಟರ್ ತಜ್ಞರು’ ಎಂದು ಬರೆಸಿಕೊಂಡಿದ್ದ. ಅವನ ಆತ್ಮವಿಶ್ವಾಸವನ್ನು ಅರೆದು ಹಚ್ಚಿದ್ದರೆ ಕೋಟೆಯ ಬಿರುಕುಗಳೆಲ್ಲ ಮುಚ್ಚಿಹೋಗುತ್ತಿದ್ದವು.

“ಸ್ಟುಡಿಯೋ ಅಂದ್ರೆ ಹೊರಗಿನ ಸದ್ದು ಒಳಗೆ ಬರಬಾರ್ದು. ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸ್ತಾರೆ. ಮುನ್ನೂರು ಟ್ರೇ ಸಾಕು.”

ಯಶೋದಾ ಸೌಟು ಹಿಡಿದೇ ಹೊರಗೆ ಬಂದರು. “ಲಿಂಗಪೂಜೆ ಮಾಡೋ ಮನ್ಯಾಗೆ ಮೊಟ್ಟೆ ಟ್ರೇ ತಂದ್ರೆ ಟ್ರೇನೂ ಇರಲ್ಲ, ತಜ್ಞರೂ ಇರಲ್ಲ.”

ತಜ್ಞರು ತಕ್ಷಣ ತಂತ್ರಜ್ಞಾನ ಬದಲಿಸಿದರು. “ಟ್ರೇ ಬ್ಯಾಡ ಬಿಡ್ರಿ. ದಪ್ಪ ಬಟ್ಟೆ ಆದ್ರೂ ಆಗುತ್ತೆ. ಓಬಕ್ಕನ ಮನೆ ಕಂಬಳಿ ತರ್ರಿ.”

ಓಬಕ್ಕ ಹಿಂದಿನ ಬೀದಿಯವಳು. ಕುರಿ ಸಾಕಿದ ಮನೆತನ. ಅರವತ್ತೈದು ದಾಟಿದ್ದರೂ ಒಂದು ಕೂಗು ಹಾಕಿದರೆ ಮದಕರಿಪುರದ ಬಯಲಲ್ಲಿ ಮೇಯುವ ಕುರಿ ತಲೆಯೆತ್ತುತ್ತಿತ್ತು. ಅವಳ ಮನೆಯಲ್ಲಿ ದೇವರ ಗದ್ದುಗೆಗೆ ಹಾಸುವ ಏಳು ಕರಿ ಕಂಬಳಿಗಳಿದ್ದವು. ಗುಂಡು ಹೊಡೆದರೂ ಒಳಗಿದ್ದವನಿಗೆ ಯಾರೋ ಕದ ತಟ್ಟಿದಂತೆ ಕೇಳಬೇಕು, ಅಷ್ಟು ದಪ್ಪ.

“ಕೊಡ್ತೀನಪ್ಪ, ಅದಕ್ಕೇನಂತೆ” ಎಂದಳು ಓಬಕ್ಕ. “ಆದ್ರೆ ಮೊಳೆ ಹೊಡಿಯಂಗಿಲ್ಲ. ಚಪ್ಲಿ ಕಾಲು ತಾಗ್ಸಂಗಿಲ್ಲ. ಮತ್ತೆ ನಮ್ ಕಂಬ್ಳಿ ಒಂಟಿಯಾಗಿ ಎಲ್ಲಿಗೂ ಹೋಗಲ್ಲ. ಮನೆಯೋರೊಬ್ರು ಜತೆಗೆ ಬಂದು ಕುಂತ್ಕಬೇಕು. ನಾನೇ ಬತ್ತೀನಿ, ನಡಿ ಹೋಗಾಣ.”

ಹತ್ತೂವರೆಗೆ ಹಿಂದಿನ ಕೋಣೆಯಲ್ಲಿ ಸ್ಟುಡಿಯೋ ಎದ್ದಿತು. ನಾಲ್ಕು ಕಡೆ ಹಗ್ಗ ಬಿಗಿದು ನಾಲ್ಕು ಕಂಬಳಿ, ಮೇಲೊಂದು, ಕೆಳಗೊಂದು. ನಡುವೆ ಮೇಜು, ಕಂಪ್ಯೂಟರ್ ಮತ್ತು ಶಿವಕುಮಾರಪ್ಪ. ಏಳನೆಯ ಕಂಬಳಿಯನ್ನು ಓಬಕ್ಕ ಡೇರೆಯ ಹೊರಗೆ, ಒಂದು ಮಾರು ದೂರದಲ್ಲಿ ಹಾಸಿಕೊಂಡು ಕೂತಳು. ಇಷ್ಟು ಹೊತ್ತಿಗೆ ಬೀದಿಯಲ್ಲಿ ಸುದ್ದಿಯಾಗಿ, ಕಿಟಕಿಗೆ ಮೂವರು ಹೆಂಗಸರು ಅಂಟಿಕೊಂಡಿದ್ದರು. “ಯಾರಿಗೆ ಮೈಮೇಲೆ ಬರುತ್ತಂತೆ?” ಎಂದು ಒಬ್ಬಳು. “ಗುಮಾಸ್ತರಿಗಂತೆ” ಎಂದು ಇನ್ನೊಬ್ಬಳು. ಮೂರನೆಯವಳು ನಿಂಬೆಹಣ್ಣು ತರಲು ಓಡಿದಳು.

ಹಾಲಿನಲ್ಲಿದ್ದ ಕಂಪ್ಯೂಟರನ್ನು ಹೊತ್ತು ತರುವಾಗ ಎಲ್ಲ ವೈರುಗಳನ್ನೂ ಕಿತ್ತಿದ್ದರು. ಮತ್ತೆ ಸಿಕ್ಕಿಸುವಾಗ ಪೆಟ್ಟಿಗೆಯ ಹಿಂದೆ ಎರಡು ಪುಟ್ಟ ತೂತುಗಳು ಕಂಡವು. ಒಂದು ಹಸಿರು, ಒಂದು ಗುಲಾಬಿ. ಕೈಯಲ್ಲಿ ಎರಡು ವೈರು. ಒಂದು ಮೈಕಿನದು, ಇನ್ನೊಂದು ಹೊಸ ಹೆಡ್‌ಫೋನಿನದು.

“ಯಾವುದು ಎಲ್ಲಿಗೆ ಮಾರುತೇಶ?”

“ಇದೇನ್ರಿ ಇಷ್ಟು ಗೊತ್ತಾಗಲ್ವಾ? ಸಿಗ್ನಲ್ಲಿನಾಗೆ ಹಸಿರು ಅಂದ್ರೇನು? ಹೋಗು ಅಂತ. ನಿಮ್ ಹಾಡು ಒಳಗೆ ಹೋಗ್ಬೇಕಲ್ವಾ? ಅದಕ್ಕೆ ಮೈಕು ಹಸಿರಿಗೆ. ಉಳಿದಿದ್ದು ಗುಲಾಬಿಗೆ.”

ಎಷ್ಟು ಸರಳ! ಶಿವಕುಮಾರಪ್ಪನವರಿಗೆ ತಮ್ಮ ದಡ್ಡತನಕ್ಕೆ ನಾಚಿಕೆಯಾಯಿತು.

ಮೊದಲ ಸಲ ಹಾಡಲು ಬಾಯಿ ತೆಗೆದಾಗಲೇ ಕಂಬಳಿ ಸರಿಸಿ ಓಬಕ್ಕನ ತಲೆ ಒಳಗೆ ಬಂತು. “ಏನಪ್ಪ, ಬೆವ್ರು ನಮ್ ಕಂಬ್ಳಿಗೆ ತಾಗಿಸ್ಬ್ಯಾಡ.” ಎರಡನೆಯ ಸಲ, “ಮಜ್ಜಿಗೆ ಕುಡೀತೀಯಾ?” ಮೂರನೆಯ ಸಲ, “ಶುರು ಆಯ್ತಾ, ಇನ್ನೂ ಇಲ್ವಾ?”

ಶಿವಕುಮಾರಪ್ಪ ಕೈಮುಗಿದು, ಹೆಡ್‌ಫೋನನ್ನು ಕಂಬಳಿಯ ಅಡಿಯಿಂದ ಹೊರಗೆ ದೂಡಿ ಅವಳ ತಲೆಗೆ ಸಿಕ್ಕಿಸಿದರು. “ಓಬಕ್ಕ, ಇದ್ರಾಗೆ ನನ್ ಹಾಡು ನಿಂಗೊಬ್ಬಳಿಗೇ ಕೇಳುತ್ತೆ. ತೆಗೀಬ್ಯಾಡ, ಏಳಬ್ಯಾಡ.”

ಓಬಕ್ಕ ಅಲುಗದೆ ಕೂತಳು. ಹೆಡ್‌ಫೋನಿನಲ್ಲಿ ಏನೂ ಕೇಳುತ್ತಿರಲಿಲ್ಲ. ಕಿವಿ ಮಾತ್ರ ಬೆಚ್ಚಗಿತ್ತು. ಹೊಸ ಸಾಮಾನು, ಬೇಜಾರು ಮಾಡಬಾರದೆಂದು, “ಭಾಳ ಚೆನ್ನಾಗೈತೆ” ಎಂದಳು.

ಒಳಗೆ ಬೇರೆಯದೇ ಕತೆ. ಶಿವಕುಮಾರಪ್ಪ ‘ಓ ಬಂಡೆಯೇ...’ ಎಂದು ಮೈಕು ನುಂಗುವಂತೆ ಹಾಡಿದರು. ಪರದೆಯ ಮೇಲೆ ದನಿಯ ಗೆರೆ ಒಣಗಿದ ಹಾವಿನಂತೆ ನೆಟ್ಟಗೆ ಮಲಗಿತ್ತು, ಆಗೀಗ ಬಾಲದ ತುದಿಯಷ್ಟೇ ಮಿಸುಕುತ್ತಿತ್ತು. ಗಾಬರಿಯಾಗಿ ನಿಲ್ಲಿಸಿದರು. ನಿಲ್ಲಿಸಿದ ಕೂಡಲೇ ಗೆರೆ ಎದ್ದು ಕುಣಿಯತೊಡಗಿತು! ಮತ್ತೆ ಹಾಡಿದರು, ಮಲಗಿತು. ನಿಲ್ಲಿಸಿದರು, ಕುಣಿಯಿತು. ಶಿವಕುಮಾರಪ್ಪನವರಿಗೆ ತಲೆ ಗಿರ್ರೆಂದಿತು. ತಾವು ಹಾಡುತ್ತಿದ್ದೇವೋ ಸುಮ್ಮನಿದ್ದೇವೋ ಎಂದು ಕೈಯಿಂದ ಬಾಯಿ ಮುಟ್ಟಿ ನೋಡಿಕೊಂಡರು.

“ಮಾರುತೇಶಾ! ನಾನು ಹಾಡಿದ್ರೆ ಇದು ಸುಮ್ನಿರುತ್ತೆ, ನಾನು ಸುಮ್ನಿದ್ರೆ ಇದು ಹಾಡುತ್ತೆ!”

ಮಾರುತೇಶ್ ತಲೆ ತೂರಿಸಿ ನೋಡಿ, ಒಂದು ಕ್ಷಣವೂ ಯೋಚಿಸದೆ ಹೇಳಿದ: “ಅದಕ್ಕೆ ಪ್ರೋಸೆಸಿಂಗ್ ಅಂತಾರೆ ಕಣ್ರೀ. ನೀವು ಹಾಡಿದ್ದು ಒಳಗೋಗಿ, ಬೆಂದು, ಆಮೇಲೆ ಗೆರೆಯಾಗಿ ಹೊರಗೆ ಬರುತ್ತೆ. ಬೇಳೆ ಹಾಕಿದ್ ತಕ್ಷಣ ಸಾರಾಗುತ್ತಾ? ಒಂದು ಸಾಲು ಹಾಡ್ರಿ, ನಿಲ್ಸ್ರಿ. ಬೇಯಲಿ. ಆಮೇಲೆ ಇನ್ನೊಂದು ಸಾಲು.”

ಅಸಲಿಗೆ ಹೊರಗೆ ನಡೆದದ್ದು ಇಷ್ಟು. ಗದ್ದುಗೆಯ ಕಂಬಳಿ ಎಲ್ಲೇ ಹಾಸಿದರೂ ಪದ ಹಾಡದೆ ಎದ್ದುಹೋಗುವ ಪದ್ಧತಿ ಓಬಕ್ಕನ ಮನೆತನದಲ್ಲಿ ಇಲ್ಲ. ಅವರಲ್ಲಿ ಪದ ಹಾಡುವ ಕ್ರಮವೂ ಹಾಗೇ: ಒಬ್ಬರು ಒಂದು ಸಾಲು ಹಾಡಿ ಬಿಟ್ಟರೆ ಇನ್ನೊಬ್ಬರು ಎತ್ತಿಕೊಳ್ಳಬೇಕು, ಗದ್ದುಗೆ ಬರಿದಾಗಿ ಇರಬಾರದು. ಡೇರೆಯೊಳಗಿನ ಗೊರಗೊರ ನಿಂತಾಗಲೆಲ್ಲ ತನ್ನ ಸರದಿ ಬಂತೆಂದು ಓಬಕ್ಕ ಕಣ್ಣು ಮುಚ್ಚಿ ಎತ್ತಿಕೊಳ್ಳುತ್ತಿದ್ದಳು:

“ಕರಿಯ ಕುರಿ ಮುಂದಾಗಿ, ಬಿಳಿಯ ಕುರಿ ಹಿಂದಾಗಿ
ಬಯಲೆಲ್ಲ ಗೆಜ್ಜೆ ನಡೆದಾವೊ...”

ಒಳಗಿದ್ದ ಶಿವಕುಮಾರಪ್ಪನವರಿಗೆ ಕಂಬಳಿಯ ದಪ್ಪಕ್ಕೆ, ಸೆಕೆಗೆ, ಕಿವಿಗಿಳಿದ ಬೆವರಿಗೆ ಅದು ಕಿವಿಯೊಳಗಿನ ಗುಂಯ್‌ಗುಡುವಿಕೆ ಎನಿಸಿತು. ಗೆರೆ ಮಾತ್ರ ಚೆನ್ನಾಗಿ ಬೇಯುತ್ತಿತ್ತು. ‘ಆಹಾ, ಎಷ್ಟು ಎತ್ತರ ಏಳ್ತೈತೆ ನನ್ ದನಿ!’ ಎಂದು ಕಣ್ಣಲ್ಲಿ ನೀರು ಬಂತು. ಅದು ಬೆವರೂ ಇರಬಹುದು. ಆ ಡೇರೆಯ ಸೆಕೆಯಲ್ಲಿ ಮೇಜಿನ ಮೇಲಿಟ್ಟಿದ್ದ ಹಪ್ಪಳ ತಾನಾಗಿ ಸುಟ್ಟುಕೊಂಡಿತೆಂದರೆ ನೀವು ನಂಬುವುದಿಲ್ಲ, ಅದಕ್ಕೇ ನಾನು ಹೇಳುವುದಿಲ್ಲ.

ಹಾಡು ಮುಗಿದಾಗ ಹನ್ನೆರಡೂ ನಲವತ್ತು. ಒಂದಕ್ಕೆ ಕರೆಂಟು ಹೋಗುವುದು ಆ ಬೇಸಿಗೆಯಲ್ಲಿ ಸೂರ್ಯ ಮುಳುಗುವಷ್ಟೇ ಖಚಿತ. ಹಾಡನ್ನು ಸಿ.ಡಿ.ಗೆ ಇಳಿಸಲು ಕೊಟ್ಟರು. ಪರದೆಯ ಮೇಲೆ ನೀಲಿ ಪಟ್ಟಿ ಬಸುರಿಯ ಹೆಜ್ಜೆಯಲ್ಲಿ ನಡೆಯಿತು. ಕಿಟಕಿಯ ಹೆಂಗಸರೂ ಉಸಿರು ಹಿಡಿದರು. ಸಿ.ಡಿ. ಹೊರಗೆ ಬಂತು, ಕರೆಂಟು ಹೋಯಿತು.

“ಒಂದ್ಸಲ ಕೇಳ್ಬೇಕಾಗಿತ್ತು” ಎಂದರು ಶಿವಕುಮಾರಪ್ಪ.

“ಕರೆಂಟು ಬರಾದು ಐದಕ್ಕೆ” ಎಂದ ಬಾಗಿಲಲ್ಲಿ ನಿಂತಿದ್ದ ಜಂಪಣ್ಣ. ಅರ್ಧ ದಿನದ ಆಫೀಸು ಮುಗಿಸಿ ನೇರ ತಮಾಷೆ ನೋಡಲು ಬಂದಿದ್ದ. “ಕೊಡಿಲ್ಲಿ, ನಾನೇ ನನ್ ಟಿ.ವಿ.ಎಸ್.ನಾಗೆ ಹೋಗಿ ದಾವಣಗೆರೆ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ ಬತ್ತೀನಿ. ಆಮ್ಯಾಲೆ ಮುಟ್ಲಿಲ್ಲ ಅಂತ ನೆಪ ಹೇಳಂಗಿಲ್ಲ.”

ಭರಮಸಾಗರ ದಾಟಿ ಕವರು ದಾವಣಗೆರೆ ಮುಟ್ಟಿತು. ಇಲ್ಲಿ ಓಬಕ್ಕ ಮನೆಗೆ ಹೋಗಲೊಲ್ಲಳು. ಗದ್ದುಗೆಯ ಕಂಬಳಿಯನ್ನು ಎಡೆ ಹಿಡಿಯದೆ ಮಡಿಸುವಂತಿಲ್ಲ. ಯಶೋದಾ ಅನ್ನ, ಬೆಲ್ಲ, ಹಾಲು ಹಿಡಿದರು. ಮೂರನೆಯ ಹೆಂಗಸು ನಿಂಬೆಹಣ್ಣು ತಂದಳು. ಪ್ರಸಾದದ ವಾಸನೆಗೆ ಅರ್ಧ ಬೀದಿ ಹಾಲಿನಲ್ಲಿ ಕೂತಿತು, ಅದರಲ್ಲಿ ನಾನೂ ಒಬ್ಬ. ಐದಕ್ಕೆ ಕರೆಂಟು ಬಂದರೂ ಆ ಗದ್ದಲದಲ್ಲಿ ಹಾಡು ಹಾಕಿ ಕೇಳುವುದು ಯಾರಿಗೂ ನೆನಪಾಗಲಿಲ್ಲ.

ಸಂಜೆ ಏಳಕ್ಕೆ ಫೋನು ಬಡಿದುಕೊಂಡಿತು.

“ಸ್ವರಸಂಪಿಗೆಯಿಂದ ಮ್ಯಾನೇಜರ್ ನಿರಂಜನ್ ಮಾತಾಡ್ತಿರೋದು.”

ಶಿವಕುಮಾರಪ್ಪ ಎಲ್ಲರಿಗೂ ಕೇಳಲೆಂದು, ಮುಖ್ಯವಾಗಿ ಜಂಪಣ್ಣನಿಗೆ ಕೇಳಲೆಂದು, ಫೋನಿನ ಸ್ಪೀಕರ್ ಒತ್ತಿದರು.

“ಸರ್, ಬಂದಿದ್ದ ನೂರಾ ಎಂಟು ಸಿ.ಡಿ.ಯೊಳಗೆ ನಿಮ್ದೇ ಮೊದ್ಲು ಆಯ್ಕೆ! ಎಂಥ ದನಿ ಸರ್! ಕೇಳ್ತಾ ಕೇಳ್ತಾ ನಮ್ ಯಜಮಾನ್ರು ಎದ್ದೇ ನಿಂತ್ರು!”

ಜಂಪಣ್ಣನ ಕೈಯಲ್ಲಿದ್ದ ನಿಂಬೆಹಣ್ಣು ಕೆಳಗೆ ಬಿತ್ತು. ಶಿವಕುಮಾರಪ್ಪನವರ ಎದೆ ಉಬ್ಬಿ ಅಂಗಿಯ ಎರಡು ಗುಂಡಿ ಹಾರಿದವು. ಒಂದು ನನಗೆ ತಾಗಿತು.

“ಆ ಅಜ್ಜಿಯ ಹೆಸ್ರೇನು ಸರ್?”

“...ಯಾವ ಅಜ್ಜಿ?”

“ಅದೇ, ಕುರಿ ಪದ ಹಾಡಿದಾರಲ್ಲ! ಬರೋ ಸೋಮವಾರ ಅವರನ್ನ ಕರ್ಕಂಡು ಬರ್ರಿ, ದೊಡ್ಡ ಸ್ಟುಡಿಯೋದಾಗೆ ರೆಕಾರ್ಡಿಂಗು. ಇನ್ನೊಂದು ಮಾತು. ಅವರು ಹಾಡಿ ನಿಲ್ಸಿದಾಗಲೆಲ್ಲ ದೂರದಾಗೆ ಯಾವುದೋ ಬಾಗಿಲು ಕಿರ್‌ಗುಟ್ಟುತ್ತೆ ಸರ್. ಅದರ ಕೀಲಿಗೆ ಸ್ವಲ್ಪ ಎಣ್ಣೆ ಬಿಡ್ರಿ.”

ಯಶೋದಾ ಒಳಗೆ ಹೋಗಿ ಕೊಬ್ಬರಿ ಎಣ್ಣೆಯ ಬಾಟಲು ತಂದು ಗಂಡನ ಮುಂದೆ ಇಟ್ಟರು.

ಮಾರುತೇಶ್ ಮೆಲ್ಲಗೆ ಹಿಂದಿನ ಕೋಣೆಗೆ ಹೋಗಿ, ಪೆಟ್ಟಿಗೆಯ ಹಿಂದೆ ಬಗ್ಗಿ ನೋಡಿ ಬಂದ. “ಈಗ ಗೊತ್ತಾಯ್ತು ಕಣ್ರೀ. ಮೈಕಿನ ತೂತು ಗುಲಾಬಿ. ಅದಕ್ಕೆ ಹೆಡ್‌ಫೋನ್ ಹಾಕಿದ್ರೆ ಹೆಡ್‌ಫೋನೇ ಮೈಕಾಗಿಬಿಡುತ್ತೆ. ಇದೂ ಒಂದು ಟೆಕ್ನಿಕ್ಕು.”

“ಅಂದ್ರೆ ನಾನು ಹಾಡಿದ ಮೈಕು?”

“ಅದು ಸುಮ್ನೆ ಇತ್ತು. ಪಾಪ, ಅದಕ್ಕೂ ಕೇಳ್ಲಿಲ್ಲ.”

ಓಬಕ್ಕ ಮಾತ್ರ ಎಲೆಯಡಿಕೆ ಜಗಿಯುತ್ತ ಹೇಳಿದಳು: “ದಾವಣಗೆರೆಗೆ ಬತ್ತೀನಿ. ಆದ್ರೆ ಏಳೂ ಕಂಬ್ಳಿ ಬರ್ಬೇಕು, ಹೊರಾಕೆ ಶಿವಕುಮಾರಪ್ಪನೇ ಬರ್ಬೇಕು. ಮತ್ತೆ ಅವನು ಮುಂದೆ ಒಂದು ಸಾಲು ಅಂದು ಬಿಟ್ರೇನೇ ನಂಗೆ ಪದ ಬರಾದು.”

ಸೋಮವಾರ ಆ ಗಾಜಿನ ಸ್ಟುಡಿಯೋದಲ್ಲಿ ಅದಕ್ಕೂ ದಾರಿ ಸಿಕ್ಕಿತು. ಏಳು ಕಂಬಳಿ ಹೊತ್ತು ಬಂದ ಶಿವಕುಮಾರಪ್ಪ ಓಬಕ್ಕನ ಎದುರು ನಿಂತು, ದನಿ ಹೊರಡಿಸದೆ, ಬರೀ ಬಾಯಿ ತೆಗೆದು ಮುಚ್ಚಬೇಕು. ಮುಚ್ಚಿದಾಗ ಅವಳು ಎತ್ತಿಕೊಳ್ಳುತ್ತಾಳೆ. ಹದಿನಾರು ಪದ, ಮುನ್ನೂರು ಸಲ ಬಾಯಿ. ಸಂಜೆ ಹೊತ್ತಿಗೆ ಕೆರೆಯಿಂದ ಈಚೆ ಬಿದ್ದ ಮೀನಿಗೂ ಅವರಿಗೂ ವ್ಯತ್ಯಾಸವಿರಲಿಲ್ಲ.

ತಿಂಗಳೊಳಗೆ ಸಿ.ಡಿ. ಬಂತು. ಮುಂದೆ ಓಬಕ್ಕನ ದೊಡ್ಡ ಫೋಟೋ. ಹಿಂದೆ, ಎಲ್ಲಕ್ಕಿಂತ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ: ‘ಕಂಬಳಿ ಸಹಕಾರ: ಶಿವಕುಮಾರಪ್ಪ.’ ಆಫೀಸಿನ ಹನ್ನೊಂದು ಜನ ಕೂತು ನ್ಯಾಯ ಮಾಡಿದರು. ಹೆಸರು ಬಂದಿದೆ, ಆದ್ದರಿಂದ ಜಂಪಣ್ಣ ಮಂಡಕ್ಕಿ-ಮಿರ್ಚಿ ಕೊಡಿಸಬೇಕು. ದನಿ ಬಂದಿಲ್ಲ, ಆದ್ದರಿಂದ ಶಿವಕುಮಾರಪ್ಪ ಹಾಡುವಂತಿಲ್ಲ.

ಮ್ಯಾನೇಜರರ ಬೀಳ್ಕೊಡುಗೆಗೆ ಓಬಕ್ಕನನ್ನೇ ಕರೆಸಿದರು. ಕಂಬಳಿ ಹೊತ್ತು ತಂದವರು ಯಾರೆಂದು ಬೇರೆ ಹೇಳಬೇಕಿಲ್ಲ. ಅವಳು ಕೂತು ಮುಖ ನೋಡಿದಳು. ಶಿವಕುಮಾರಪ್ಪ ಎದ್ದು ನಿಂತು, ಸದ್ದಿಲ್ಲದೆ, ಪೂರ್ತಿ ಒಂದು ಸಾಲು ಬಾಯಿ ತೆಗೆದು ಮುಚ್ಚಿದರು.

ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ, ಎಲ್ಲರಿಗಿಂತ ಜೋರಾಗಿ, ಮ್ಯಾನೇಜರ್ ಕೂಗಿದರು: “ಒನ್ಸ್ ಮೋರ್!”