ಎಡಗಣ್ಣು ಕೆಂಪಾದ ದೊರೆಯವರ ಮೇಲೊಂದು ದೂರು

ಮಾನ್ಯರೇ,

ನಮ್ಮ ಮನೆಯ ಸೋಫಾದ ಏಕೈಕ ಹಕ್ಕುದಾರರೂ, ಅಂಚೆಯವನ ಆಜನ್ಮ ವೈರಿಯೂ ಆದ ದೊರೆ ಎಂಬ ನಾಯಿಯವರ ಪಾದಗಳಿಗೆ, ನಾಲ್ಕಕ್ಕೂ ಬಿಡಿಬಿಡಿಯಾಗಿ, ಗಡಿಯಾರ ರಿಪೇರಿಯವನಾದ ನಾನು ನಮಸ್ಕರಿಸಿ ಬರೆದುಕೊಳ್ಳುವುದೇನೆಂದರೆ:

ಕಳೆದ ತಿಂಗಳು ಒಂದು ಬೆಳಿಗ್ಗೆ ತಾವು ಪೊದೆಗೆ ನುಗ್ಗಿ ಬೆಕ್ಕನ್ನು ವಿಚಾರಿಸಿಕೊಂಡು ಬಂದವರು, ಎಡಗಣ್ಣನ್ನು ಕೆಂಡದ ಹಾಗೆ ಮಾಡಿಕೊಂಡು, ಅದನ್ನು ಕಾರ್ಪೆಟ್ಟಿಗೆ ಉಜ್ಜತೊಡಗಿದಿರಿ. ತಮಗೆ ಸಿಟ್ಟು ಬಂದಿದೆ ಎಂದು ನನ್ನ ಅತ್ತೆಯವರು ತೀರ್ಪಿತ್ತರು. ಯಾರ ಮೇಲೆ ಎಂದು ಕೇಳಿದ್ದಕ್ಕೆ ಬಿಸ್ಕತ್ತಿನ ಡಬ್ಬಿಯನ್ನು ನನ್ನ ಕೈಗಿತ್ತರು. ಬಿಸ್ಕತ್ತಿನ ರೂಪದಲ್ಲಿ ನಾನು ಸಲ್ಲಿಸಿದ ಏಳು ಕ್ಷಮಾಪಣೆಗಳನ್ನೂ ತಾವು ದೊಡ್ಡ ಮನಸ್ಸಿನಿಂದ ಸ್ವೀಕರಿಸಿದಿರಿ. ಕಣ್ಣು ಮಾತ್ರ ಇನ್ನಷ್ಟು ಕೆಂಪಾಯಿತು.

ಮಧ್ಯಾಹ್ನದ ಹೊತ್ತಿಗೆ ಕಣ್ಣು ಅರ್ಧ ಮುಚ್ಚಿ, ನೀರು ಸುರಿದು, ಅಂಚಿನಲ್ಲಿ ಹಳದಿ ಪಿಸುರು ಕಟ್ಟಿತು. ನಾನು ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿ, ಕೈಗಡಿಯಾರದ ಮುಂದೆ ಇದೇನು ಮಹಾ ಎಂದುಕೊಂಡು, ಹಿಂದೊಮ್ಮೆ ನನ್ನ ಕಣ್ಣಿಗೆ ಕೊಟ್ಟಿದ್ದ ಔಷಧಿಯ ಉಳಿದ ಸೀಸೆಯನ್ನು ಬೀರುವಿನಿಂದ ತೆಗೆದೆ. ಮುಚ್ಚಳ ತಿರುಗಿಸುವಷ್ಟರಲ್ಲಿ ನನ್ನ ಹೆಂಡತಿ ಅದನ್ನು ಕಿತ್ತುಕೊಂಡು, ಗಡಿಯಾರದ ಮುಳ್ಳುಗಳ ತಂಟೆ ನಿಮಗೆ ಸಾಕು, ಕಣ್ಣಿನ ತಂಟೆ ಡಾಕ್ಟರಿಗಿರಲಿ ಎಂದು ನಮ್ಮಿಬ್ಬರನ್ನೂ ಆಟೋ ಹತ್ತಿಸಿದಳು.

ಪಶುವೈದ್ಯೆ ಬಣ್ಣದ ಹನಿ ಹಾಕಿ ನೀಲಿ ದೀಪ ಹಿಡಿದಾಗ ಕಣ್ಣಿನ ಮೇಲೆ ಹಸಿರು ಗೀರೊಂದು ಹೊಳೆಯಿತು. ಒಳರೆಪ್ಪೆಯ ಹಿಂದೆ ಅವಿತಿದ್ದ ಹುಲ್ಲಿನ ಮುಳ್ಳನ್ನು ಅವರು ಮೆಲ್ಲಗೆ ಎತ್ತಿದರು. ನಾನು ಆ ಸೀಸೆಯ ಹೆಸರು ಹೇಳಿದೆ. ಅದರಲ್ಲಿ ಸ್ಟೀರಾಯ್ಡ್ ಇದೆ, ಇಂಥ ಗೀರಿನ ಮೇಲೆ ಬಿದ್ದಿದ್ದರೆ ಕಣ್ಣೇ ಹೋಗಬಹುದಿತ್ತು ಎಂದರು. ಕುಸಿದ ನನ್ನನ್ನು ಇಬ್ಬರು ಸಿಬ್ಬಂದಿ ಹಿಡಿದು ಸ್ಟೂಲಿನ ಮೇಲೆ ಕೂರಿಸಿದರು. ನನ್ನ ಕೈಯಲ್ಲಿ ಗಡಿಯಾರ ಕೆಟ್ಟರೆ ಬಿಡಿಭಾಗ ಸಿಗುತ್ತದೆ; ತಮ್ಮ ಬಿಡಿಭಾಗ ಯಾವ ಅಂಗಡಿಯಲ್ಲೂ ಇಲ್ಲ. ಆಗ ತಾವು ನನ್ನ ಕೈ ನೆಕ್ಕಿದಿರಿ. ಅದು ಸಾಂತ್ವನವೋ, ಬಿಸ್ಕತ್ತಿನ ವಾಸನೆಯೋ ಎಂಬ ಬಗ್ಗೆ ತಮ್ಮ ಕಡೆಯಿಂದ ಈವರೆಗೂ ಸ್ಪಷ್ಟನೆ ಬಂದಿಲ್ಲ.

ಇನ್ನು ಚಿಕಿತ್ಸೆಯ ವಿಷಯ. ಕಣ್ಣು ಉಜ್ಜದಿರಲೆಂದು ಕಟ್ಟಿದ ಲಾಳಿಕೆಯಂಥ ಪಟ್ಟಿಯನ್ನು ಕೊರಳಿಗೆ ಧರಿಸಿ ತಾವು ಮನೆಯ ಪ್ರತಿಯೊಂದು ಬಾಗಿಲಿಗೂ ಡಿಕ್ಕಿ ಹೊಡೆದು ಅದರ ಗಟ್ಟಿತನ ಪರೀಕ್ಷಿಸಿಕೊಟ್ಟದ್ದಕ್ಕೆ ಕೃತಜ್ಞ. ವೈದ್ಯೆ ಬರೆದುಕೊಟ್ಟ ಬೇರೆ ಔಷಧಿಯ ದಿನಕ್ಕೆ ನಾಲ್ಕು ಹನಿಯಲ್ಲಿ ಮೊದಲ ದಿನ ಒಂದು ತಮ್ಮ ಮೂಗಿಗೆ, ಎರಡು ನನ್ನ ಅಂಗಿಗೆ, ಒಂದು ಅತ್ತೆಯವರ ಚಹಾಕ್ಕೆ ಬಿದ್ದವು. ಅದನ್ನು ಕುಡಿದ ಮೇಲೆ ಅವರಿಗೆ ನನ್ನ ತಪ್ಪುಗಳು ಇನ್ನೂ ನಿಚ್ಚಳವಾಗಿ ಕಾಣುತ್ತಿವೆಯಂತೆ. ಮರುದಿನದಿಂದ ತಮ್ಮ ಬೆನ್ನ ಹಿಂದೆ ಅವರೇ ಕುಳಿತು, ಗದ್ದ ಎತ್ತಿ ಹಿಡಿದು, ಸೊಸೆಯಂದಿರ ಸುದ್ದಿ ಹೇಳುತ್ತಾ ಹನಿ ಬಿಟ್ಟರು. ತಾವು ಬಾಯಿ ತೆರೆದು ಕೇಳಿದಿರಿ. ಹತ್ತು ದಿನಕ್ಕೆ ಕಣ್ಣು ತಿಳಿಯಾಯಿತು.

ಆದ್ದರಿಂದ ಪ್ರಾರ್ಥನೆ: ಇನ್ನು ಮುಂದೆ ಕಣ್ಣು ಕೆಂಪಾದಲ್ಲಿ ಅದು ಧೂಳೋ, ಅಲರ್ಜಿಯೋ, ಸೋಂಕೋ, ಮುಳ್ಳೋ ಎಂಬುದನ್ನು ಮೂರು ಪ್ರತಿಗಳಲ್ಲಿ ಲಿಖಿತವಾಗಿ ತಿಳಿಸುವುದು, ಬೆಕ್ಕಿನೊಡನೆ ಮಾತುಕತೆಯನ್ನು ಪೊದೆಯ ಹೊರಗೆ, ಕುರ್ಚಿ ಹಾಕಿಕೊಂಡು ನಡೆಸುವುದು.

ಇಷ್ಟಾದರೂ ಸೋಫಾದಲ್ಲಿ ಜಾಗ ಸಿಗದ,
ತಮ್ಮ ವಿಶ್ವಾಸಿ

ವಿ.ಸೂ.: ಆಸ್ಪತ್ರೆಯ ಕಡತದಲ್ಲಿ ‘ರೋಗಿ ಶಾಂತ, ಜೊತೆಗೆ ಬಂದವರನ್ನು ಹಿಡಿದುಕೊಳ್ಳಲು ಇಬ್ಬರು ಬೇಕು’ ಎಂದು ಬರೆಯಲಾಗಿದೆ. ಇದರಲ್ಲಿ ತಮ್ಮ ಕೈವಾಡವಿಲ್ಲವೆಂದು ದಯವಿಟ್ಟು ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿ.