ಬಾಡಿಗೆ ಡಬ್ಬಿಯ ಆಯಮ್ಮ

ಭಾವನ ಜೊತೆ ಎಲ್ಲಿಗೇ ಹೊರಟರೂ ಹೇಳಿಕೊಳ್ಳುವಂಥದ್ದೊಂದು ನಡೆದೇ ತೀರುತ್ತದೆ. ಶಾಂತಿಗ್ರಾಮಕ್ಕೆ ಹೆಣ್ಣು ನೋಡಲು ಹೋದಾಗಲೂ ನಡೆಯಿತು, ಮೊಸಳೆ ಎಂಬ ಊರಿನ ದೇವಸ್ಥಾನಗಳನ್ನು ನೋಡಲು ಹೋದಾಗಲೂ ನಡೆಯಿತು. ನ್ಯೂಜಿಲೆಂಡಿನಲ್ಲಿ ನಡೆಯದೆ ಇರಲು ಕಾರಣವಿರಲಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಅರಕಲಗೂಡಿನವರು. ಮೂವತ್ತು ವರ್ಷ ಹಾಸನದಿಂದ ಕೊಣನೂರಿಗೆ, ಕೊಣನೂರಿನಿಂದ ಹಾಸನಕ್ಕೆ ಬಸ್ಸು ಓಡಿಸಿ ನಿವೃತ್ತರಾದರು. ಅಷ್ಟು ವರ್ಷ ಒಂದೇ ದಾರಿಯಲ್ಲಿ ಓಡಾಡಿ, ತಾವು ಒಮ್ಮೆಯೂ ದಾರಿ ತಪ್ಪಿಲ್ಲವೆಂದು ಹೆಮ್ಮೆಪಡುತ್ತಾರೆ. ನಾನು ಹೊಳೆನರಸೀಪುರದಲ್ಲಿ ಕಾಲೇಜು ಮೇಷ್ಟ್ರು. ಭೂಗೋಳ ಪಾಠ ಮಾಡುತ್ತೇನೆ. ಹಾಗಾಗಿ ದಾರಿಯ ವಿಷಯದಲ್ಲಿ ನನ್ನನ್ನು ಯಾರೂ ಕೇಳುವುದಿಲ್ಲ.

ಅಕ್ಕ ಒಂದು ದಿನ ಟೀವಿಯಲ್ಲಿ ಪೆಂಗ್ವಿನ್ ನೋಡಿದಳು. ಸಮುದ್ರದಿಂದ ಎದ್ದು ಸಾಲಾಗಿ ನಡೆದುಹೋಗುತ್ತಿದ್ದವು. "ಒಂದ್ಸಲ ಇವನ್ನ ಎದುರುಗಡೆ ನೋಡ್ಬೇಕು ಕಣ್ರೀ. ಆಮೇಲೆ ಎಲ್ಲಿಗೂ ಕರ್ಕೊಂಡೋಗಿ ಅಂತ ಕೇಳಾಕಿಲ್ಲ" ಎಂದಳು. ಇಂಥ ಅನುಕೂಲದ ಒಪ್ಪಂದ ಭಾವನಿಗೆ ಮದುವೆಯಾದಾಗಿನಿಂದ ಸಿಕ್ಕಿರಲಿಲ್ಲ. ಐದು ದಿನದ ಪ್ರವಾಸ ನಿಶ್ಚಯವಾಯಿತು. ಇಂಗ್ಲಿಷಿಗಾಗಿ ನನ್ನನ್ನು ಕರೆದುಕೊಂಡರು. ಪೆಂಗ್ವಿನ್ ಇದ್ದದ್ದು ಕೊನೆಯ ಸಂಜೆ, ಒಂದು ಕಡಲೂರಿನಲ್ಲಿ. ಹೊತ್ತು ಮುಳುಗಿದ ಮೇಲೆ ಅವು ಗುಂಪುಗುಂಪಾಗಿ ದಡಕ್ಕೆ ಬರುತ್ತವೆ, ಮುಳುಗುವುದರೊಳಗೆ ನಾವು ಗೇಟಿನ ಒಳಗಿರಬೇಕು. ಮರುದಿನ ಬೆಳಿಗ್ಗೆ ವಿಮಾನ. ಇನ್ನೊಂದು ಸಂಜೆ ಇರಲಿಲ್ಲ.

೧. ಪರೀಕ್ಷೆ

ಕಾರು ಬಾಡಿಗೆಗೆ ಕೊಡುವ ಕೌಂಟರಿನ ಹುಡುಗಿ, "ಬೆಟ್ಟಗಳ ನಡುವೆ ಫೋನು ಕೆಲಸ ಮಾಡುವುದಿಲ್ಲ. ಇದನ್ನೂ ತೆಗೆದುಕೊಂಡುಹೋಗಿ" ಎಂದು ಒಂದು ಜಿಪಿಎಸ್ ಡಬ್ಬಿ ಕೊಟ್ಟಳು. ಒತ್ತಿದರೆ ಒಳಗಿನಿಂದ ಹೆಂಗಸಿನ ದನಿ ಬಂತು.

ಭಾವ ಹೊಸ ಕಂಡಕ್ಟರನ್ನೂ ಪರೀಕ್ಷೆ ಮಾಡದೆ ಬಸ್ಸು ಹತ್ತಿಸಿದವರಲ್ಲ. "ಲೇ ಮೇಷ್ಟ್ರೇ, ಹಾಸನದಿಂದ ಅರಕಲಗೂಡಿಗೆ ಎಂಗೆ ಓಗ್ಬೇಕು, ಕೇಳು ಆಯಮ್ಮನ್ನ."

ಕೇಳಿದೆ. ಅಂಥ ಊರಿಲ್ಲ ಎಂದು ಪರದೆ ಹೇಳಿತು. ಇದರಲ್ಲಿ ಈ ದೇಶದ ನಕ್ಷೆ ಮಾತ್ರ ಇರುತ್ತದೆಂದು ಹುಡುಗಿ ನಗುತ್ತ ವಿವರಿಸಿದಳು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

"ಅರಕಲಗೂಡು ಗೊತ್ತಿಲ್ದೋಳು ನಮ್ಗೆ ದಾರಿ ತೋರುಸ್ತಾಳಾ?" ಭಾವ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಆಮೇಲೆ ಮನಸ್ಸು ಕರಗಿತು. "ಓಗ್ಲಿ, ಇನ್ನೊಂದು ಚಾನ್ಸ್ ಕೊಡಾನ. ಕೊಣನೂರು ಕೇಳು."

೨. ತಾಳ್ಮೆ

ಆಯಮ್ಮ ಎಡಕ್ಕೆ ಎಂದರೆ ಭಾವ ನೇರ ಹೋಗುತ್ತಿದ್ದರು. ರಸ್ತೆಯನ್ನು ಕಣ್ಣಲ್ಲಿ ನೋಡಿ ಓಡಿಸಬೇಕು, ಕಿವಿಯಲ್ಲಿ ಕೇಳಿ ಓಡಿಸಬಾರದು ಎಂಬುದು ಅವರ ಸಿದ್ಧಾಂತ. ಪ್ರತಿಸಲವೂ ಡಬ್ಬಿ ಒಂದು ಕ್ಷಣ ಸುಮ್ಮನಿದ್ದು, ಅದೇ ದನಿಯಲ್ಲಿ ಹೊಸ ದಾರಿ ಹೇಳುತ್ತಿತ್ತು.

ನಾನು ಹಿಂದಿನ ಸೀಟಿನಲ್ಲಿ ಡಬ್ಬಿಯ ಹಳೆಯ ಪಟ್ಟಿಯನ್ನು ಕೆದಕುತ್ತಿದ್ದೆ. ನಮಗಿಂತ ಮೊದಲು ಬಾಡಿಗೆಗೆ ಪಡೆದವರು ಹೋದ ಜಾಗಗಳೆಲ್ಲ ಅದರ ಹೊಟ್ಟೆಯಲ್ಲಿ ಹಾಗೇ ಇದ್ದವು. ಯಾರೋ ಒಬ್ಬ ಮೊದಲು ಒಂದು ಬಿಯರ್ ಅಂಗಡಿಗೆ ಹೋಗಿದ್ದ, ಅಲ್ಲಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮತ್ತೆ ಅದೇ ಬಿಯರ್ ಅಂಗಡಿಗೆ. ಈ ಮನುಷ್ಯನಿಗೆ ಏನಾಗಿರಬಹುದು ಎಂಬ ಕುತೂಹಲದಲ್ಲಿ ಒಂದು ಸರೋವರವನ್ನು ನಾನು ನೋಡಲೇ ಇಲ್ಲ.

ಐದನೇ ಸಲ ತಪ್ಪು ದಾರಿ ಹಿಡಿದಾಗ ಭಾವನಿಗೇ ನಾಚಿಕೆಯಾಯಿತು. "ಎಷ್ಟು ತಾಳ್ಮೆ ಕಣ್ಲಾ ಆಯಮ್ಮಂಗೆ! ಒಂದ್ಸಲಾನೂ ದನಿ ಎತ್ತಲಿಲ್ಲ. ನಾನು ಕೇಳ್ದೇ ಇದ್ರೂ ಮತ್ತೆ ಮತ್ತೆ ಹೇಳ್ತಾವಳೆ."

ಪಕ್ಕದ ಸೀಟಿನಿಂದ ಅಕ್ಕ ಕಿಟಕಿಯಾಚೆ ನೋಡುತ್ತಲೇ ಹೇಳಿದಳು: "ಮೂವತ್ತು ವರ್ಸದಿಂದ ನಾನೂ ಅಂಗೇ ಹೇಳ್ತಾ ಇವ್ನಿ. ಡಬ್ಬಿ ಒಳಗೆ ಕೂತು ಹೇಳ್ಬೇಕಿತ್ತು ಅಂತ ಗೊತ್ತಿರ್ಲಿಲ್ಲ."

೩. ಮೂರು ಜನರ ಮಾತು

ಕೊನೆಯ ದಿನ. ಸಂಜೆಯೊಳಗೆ ಕಡಲೂರು ಸೇರಬೇಕು. ಒಂದು ಕವಲಿನಲ್ಲಿ ಡಬ್ಬಿ ಬಲಕ್ಕೆ ಎಂದಿತು. ಭಾವ ಕಾರು ನಿಲ್ಲಿಸಿದರು.

ನಮ್ಮ ಕಡೆ ಒಂದು ಪದ್ಧತಿಯಿದೆ. ಗೊತ್ತಿಲ್ಲದ ಊರಿನಲ್ಲಿ ಮೂವರನ್ನು ಕೇಳಬೇಕು. ಇಬ್ಬರು ಒಂದೇ ದಿಕ್ಕು ತೋರಿಸಿದರೆ ಹೋಗಬೇಕು. ಚನ್ನರಾಯಪಟ್ಟಣದ ಸಂತೆಯ ದಿನ ಇದು ಎರಡು ನಿಮಿಷದ ಕೆಲಸ. ಆ ದೇಶದಲ್ಲಿ ಕಣ್ಣು ಹಾಯಿಸಿದಷ್ಟೂ ಕುರಿಗಳಿದ್ದವು, ಜನರಿರಲಿಲ್ಲ.

ಜನರನ್ನು ಹುಡುಕಿಕೊಂಡು ನೇರ ಹೋದೆವು. ಅರ್ಧ ಗಂಟೆಯ ಮೇಲೆ, ಬೇಲಿ ಕಟ್ಟುತ್ತಿದ್ದ ಒಬ್ಬ ಮುದುಕ ಸಿಕ್ಕ. ನಾನು ಇಳಿಯಹೋದೆ. "ನೀನಿರು, ನಿನ್ ಇಂಗ್ಲಿಷು ಇಲ್ಲಿಯೋರಿಗೆ ತಿಳಿಯಾಕಿಲ್ಲ" ಎಂದು ಭಾವ ತಾವೇ ಹೋದರು. ದೂರದಿಂದ ನೋಡಿದೆ. ಮಾತು ಸಾಲದೆ ಭಾವ ಮಂಡಿ ಎರಡನ್ನೂ ಒತ್ತಿ ಹಿಡಿದು, ಕೈಗಳನ್ನು ತೊಡೆಗೆ ಅಂಟಿಸಿಕೊಂಡು, ಪುಟ್ಟ ಪುಟ್ಟ ಹೆಜ್ಜೆ ಹಾಕಿ ಪೆಂಗ್ವಿನ್ ನಡಿಗೆ ತೋರಿಸಿದರು. ಮುದುಕ ತಕ್ಷಣ ಅರ್ಥವಾದವನಂತೆ, ಬಹಳ ಮರುಕದಿಂದ, ಎಡಕ್ಕೆ ಕೈ ತೋರಿಸಿದ.

ಈಗ ಎಡಕ್ಕೊಂದು ಮಾತು, ಬಲಕ್ಕೊಂದು ಮಾತು. ಮೂರನೆಯವರಿಗಾಗಿ ಕಾಯ್ದೆವು. ಮುಕ್ಕಾಲು ಗಂಟೆಯ ಮೇಲೆ ಎದುರಿನಿಂದ ಪ್ರವಾಸಿಗಳ ಕಾರೊಂದು ಬಂತು. ಕೈ ಅಡ್ಡ ಹಾಕಿದೆವು. ಅವರೂ ಪೆಂಗ್ವಿನ್ ನೋಡಲೇ ಹೊರಟವರು. ಹಿಂದಿನ ಕವಲಿಗೆ ಮರಳಿ, ನಮ್ಮ ಡಬ್ಬಿ ಹೇಳಿದ್ದ ದಾರಿಯನ್ನೇ ಹಿಡಿಯಬೇಕೆಂದರು. ಅವರ ಕಾರಿನೊಳಗಿನಿಂದಲೂ ಅದೇ ಆಯಮ್ಮನ ದನಿ ಕೇಳಿಸಿತು.

"ಈ ವೋಟು ನಡಿಯಾಕಿಲ್ಲ" ಎಂದರು ಭಾವ. "ಇಬ್ರೂ ಒಂದೇ ಮನೆಯೋರು."

ಎಡಕ್ಕೆ ಹೋದೆವು. ಹನ್ನೆರಡು ಕಿಲೋಮೀಟರಿನ ಮೇಲೆ ರಸ್ತೆ ಒಂದು ಪುಟ್ಟ ಕಟ್ಟಡದ ಮುಂದೆ ಮುಗಿಯಿತು. ಬಾಗಿಲು ಎರಡು. ಒಂದರ ಮೇಲೆ ಗಂಡಿನ ಚಿತ್ರ, ಇನ್ನೊಂದರ ಮೇಲೆ ಹೆಣ್ಣಿನ ಚಿತ್ರ. ಬೇಲಿಯ ಮುದುಕ ಭಾವನ ಅವಸರವನ್ನು ತನಗೆ ತಿಳಿದಂತೆ ತಿಳಿದುಕೊಂಡಿದ್ದ.

ಭಾವ ಇಳಿದು ಒಳಗೆ ಹೋಗಿಬಂದರು. "ಬಂದಿದ್ದು ದಂಡ ಆಗ್ಲಿಲ್ಲ ಬಿಡು" ಎಂದರು.

೪. ಮನೆಯ ಚಿತ್ರ

ಕಡಲೂರು ತಲುಪಿದಾಗ ಗೇಟು ಹಾಕಿತ್ತು. ಒಳಗೆ ಬಿಟ್ಟರೆ ಹಕ್ಕಿಗಳು ಬೆದರುತ್ತವೆ ಎಂದು ಕಾವಲಿನವನು ಹೇಳಿದ. ನಾನು ಇಂಗ್ಲಿಷಿನಲ್ಲಿ ಎಷ್ಟು ಬೇಡಿಕೊಂಡರೂ ಅವನು ಕರಗಲಿಲ್ಲ. ಅಕ್ಕ ಹೋಗಿ ಕಾರಿನಲ್ಲಿ ಕೂತಳು. "ಓಗ್ಲಿ ಬುಡಿ. ಟೀವಿಲಿ ಬತ್ತದೆ" ಎಂದಳು. ಅಕ್ಕ ಬೈದಿದ್ದರೆ ಭಾವನಿಗೆ ಅಭ್ಯಾಸವಿತ್ತು. ಇದಕ್ಕೆ ಅಭ್ಯಾಸವಿರಲಿಲ್ಲ. ಅವರು ಡಬ್ಬಿಯನ್ನು ನೋಡಿದರು. ಪರದೆಯ ಮೂಲೆಯಲ್ಲಿ ಮನೆಯ ಚಿತ್ರವೊಂದಿತ್ತು. ಇವತ್ತು ಉಳಿಯುವ ಮನೆ ಅದೇ ಎಂದುಕೊಂಡು ಒತ್ತಿದರು. ಮೊದಲ ಬಾರಿಗೆ, ಆಯಮ್ಮ ಹೇಳಿದ ಹಾಗೆಲ್ಲ ಕೇಳಿ ಓಡಿಸಿದರು.

ನಾನು ಹಿಂದಿನ ಸೀಟಿನಲ್ಲಿ ಮುನಿಸಿಕೊಂಡು ಕಣ್ಣು ಮುಚ್ಚಿದ್ದೆ. ತೆರೆದಾಗ ಕಡಲ ಪಕ್ಕದ ಮರದ ಮನೆಯೊಂದರ ಮುಂದೆ ಇದ್ದೆವು. ಅಕ್ಕ ಆಗಲೇ ಚಪ್ಪಲಿ ಬಿಟ್ಟು, ಬಾಗಿಲಲ್ಲಿ ನಿಂತಿದ್ದ ಮುದುಕಿಗೆ ಕೈಮುಗಿದು, ಒಳಗೆ ಹೋಗಿ ಕೂತಿದ್ದಳು. ನಾನು ಗೊತ್ತು ಮಾಡಿದ್ದ ಮನೆ ಇದಲ್ಲ. ಕ್ಷಮೆ ಕೇಳಲು ಓಡಿದೆ.

ಮನೆಯ ಯಜಮಾನ ಭಾವನ ಕೈಯಲ್ಲಿದ್ದ ಡಬ್ಬಿ ನೋಡಿ ನಕ್ಕ. "ಹೀಗೆ ತಪ್ಪಿ ಬಂದವರಲ್ಲಿ ನೀವು ಮೂರನೆಯವರು. ನನ್ನ ಅಳಿಯ ಹಿಂದಿನ ವರ್ಷ ಬಂದಾಗ ಬಾಡಿಗೆಗೆ ತಂದ ಈ ಡಬ್ಬಿಯಲ್ಲಿ ನಮ್ಮ ಮನೆ ಬರೆದಿಟ್ಟ. ಅಳಿಸಿ ಕೊಡು ಅಂದರೆ ಮರೆತ. ಕುಡಿದು ಕಾಲು ಮುರಿದುಕೊಂಡವನಿಗೆ ಅದೆಲ್ಲಿ ನೆನಪಿರುತ್ತದೆ?"

ಆಸ್ಪತ್ರೆಯ ವಿಷಯ ಬಗೆಹರಿದು ನನಗೆ ಸಮಾಧಾನವಾಯಿತು.

ಕಾಫಿ ಬಂತು. ಅಕ್ಕ ಚೀಲದಿಂದ ಕೋಡುಬಳೆ ತೆಗೆದು ಮುದುಕಿಯ ಕೈಗಿತ್ತಳು, ಹಣೆಗೆ ಕುಂಕುಮ ಇಟ್ಟಳು. ಅಷ್ಟರಲ್ಲಿ ನೆಲದಡಿಯಿಂದ ಕತ್ತೆ ಅರಚಿದಂಥ ಸದ್ದು. ಭಾವ ಕಾಲು ಮೇಲಕ್ಕೆತ್ತಿಕೊಂಡರು.

"ಹಾಳಾದ ಹಕ್ಕಿಗಳು" ಎಂದ ಯಜಮಾನ. "ಮನೆ ಕೆಳಗೆ ಗೂಡು ಮಾಡಿವೆ. ಕೊಳೆತ ಮೀನಿನ ವಾಸನೆ. ಗೂಡಲ್ಲಿರೋವು ಹಿಂಗೆ ಕೂಗಿದ್ರೆ ಉಳಿದವು ಬರೋ ಹೊತ್ತಾಯ್ತು ಅಂತ ಅರ್ಥ." ಹಿಂಬಾಗಿಲು ತೆರೆದ.

ಹಿತ್ತಿಲ ಆಚೆ ಕಡಲು. ನೀರಿನಿಂದ ಮೊಳದುದ್ದದ ಏಳು ಪೆಂಗ್ವಿನ್‌ಗಳು ಎದ್ದು, ಬಸ್ಸಿಳಿದ ಜನರ ಹಾಗೆ ಒಂದು ಕ್ಷಣ ಗುಂಪಾಗಿ ನಿಂತು, ಸಾಲಾಗಿ ಅಕ್ಕನ ಕಾಲ ಬಳಿಯೇ ನಡೆದುಹೋದವು. ಅಕ್ಕ ಬಾಯಿಗೆ ಸೆರಗು ಒತ್ತಿ ಹಿಡಿದಿದ್ದಳು. ಅಳುತ್ತಿದ್ದಾಳೆಂದುಕೊಂಡೆ. ನಗುತ್ತಿದ್ದಳು. "ಥೇಟ್ ನಿಮ್ಮಂಗೇ ನಡೀತವೆ ಕಣ್ರೀ."

ಭಾವ ನನ್ನತ್ತ ತಿರುಗಿದರು. "ನೋಡ್ದಾ ಮೇಷ್ಟ್ರೇ? ನಾನು ಯಾವತ್ತಾರ ದಾರಿ ತಪ್ಪಿವ್ನಾ?"

೫. ವಿಳಾಸ

ಬೆಳಿಗ್ಗೆ ವಿಮಾನ ನಿಲ್ದಾಣದ ದಾರಿಯಲ್ಲಿ ಭಾವ ಯೋಚನೆಯಲ್ಲಿದ್ದರು. "ಗುರ್ತು ಪರಿಚಯ ಇಲ್ದೋರಿಗೆ ಕಾಫಿ ಕೊಟ್ರು. ನಾವೂ ಒಂದು ಮರ್ಯಾದೆ ಮಾಡ್ಬೇಕು. ಆ ಮನೆ ಚಿತ್ರಕ್ಕೆ ನಮ್ಮನೆ ಹಾಕ್ಬುಡು."

"ಭಾವ, ಡಬ್ಬಿಗೆ ಅರಕಲಗೂಡು ಗೊತ್ತಿಲ್ಲ."

"ಅಂಗಾರೆ ಬರ್ದು ಅಂಟ್ಸು."

ಮೇಷ್ಟ್ರ ವಿದ್ಯೆ ಕಡೆಗೂ ಉಪಯೋಗಕ್ಕೆ ಬಂತು. ಅವರು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಬರೆದು ಡಬ್ಬಿಯ ಬೆನ್ನಿಗೆ ಅಂಟಿಸಿದೆ: ಹಾಸನದಲ್ಲಿ ಅರಕಲಗೂಡು ಬಸ್ಸು ಹತ್ತಿ. ಕಿಟಕಿ ಪಕ್ಕ ಕೂರಿ. ಬಸ್ ಸ್ಟ್ಯಾಂಡಿನಲ್ಲಿ ಇಳಿದು ಡ್ರೈವರ್ ಮನೆ ಎಲ್ಲಿ ಎಂದು ಯಾರನ್ನಾದರೂ ಕೇಳಿ. ಊಟ ಮಾಡಿಕೊಂಡೇ ಹೋಗಬೇಕು.

ಕೌಂಟರಿನಲ್ಲಿ ಅದೇ ಹುಡುಗಿ. ಡಬ್ಬಿ ಒಡೆದಿದೆಯೇ ಎಂದು ತಿರುಗಿಸಿ ನೋಡಿದಳು. ಚೀಟಿಯನ್ನು ನಿಧಾನವಾಗಿ ಓದಿದಳು.

"ಯಾರನ್ನಾದರೂ ಕೇಳಬಹುದಾ?"

"ಮೂರು ಜನಾನ ಕೇಳ್ಬೇಕು ಅಂತ ಹೇಳ್ಲಾ" ಎಂದರು ಭಾವ. ಹೇಳಿದೆ.

ಅವಳು ಚೀಟಿಯನ್ನು ಕಿತ್ತು ಬಿಸಾಡುತ್ತಾಳೆಂದು ನಾನು ಕಾದೆ. ಕಿತ್ತಳು. ಮಡಚಿ ತನ್ನ ಜೇಬಿನಲ್ಲಿಟ್ಟುಕೊಂಡು ಏನೋ ಹೇಳಿದಳು.

"ಏನಂತೆ ಆ ಮಗೀಗೆ?" ಅಕ್ಕ ಕೇಳಿದಳು.

"ಜನವರಿಯಲ್ಲಿ ರಜೆಯಂತೆ. ಬರಬಹುದಾ ಅಂತ ಕೇಳ್ತಿದ್ದಾಳೆ."

ಅಕ್ಕ ಹುಡುಗಿಯ ಕೈಬೆರಳುಗಳನ್ನು ಒಮ್ಮೆ ಗಮನವಿಟ್ಟು ನೋಡಿದಳು.

"ಬರ್ಲಿ ಬರ್ಲಿ. ಅವರೆಕಾಯಿ ಕಾಲ. ಬಿಡ್ಸಾಕೆ ಒಂದು ಕೈ ಆಯ್ತದೆ."